ಎಲ್ಲಾ ಮಂದಿಗೆ ತಿಳಿಸೂದು ಏನಂದ್ರ

ಮಾಲಾ ಮೈಕನ್ನು ಹೇಮಂತರಾಯರ ಕೈಗೆ ಕೊಟ್ಟಳು, ಆದರೆ ತಾನು ಹಿಡಿದ ತುದಿಯನ್ನು ಬಿಡಲಿಲ್ಲ.

"ಒಂದ ಮಾತು, ಸಾಹೇಬ್ರ. ಮುಂದ ಪದ ಇರಬಾರದು, ಹಿಂದ ದೇವರು ಇರಬಾರದು. ನಮ್ಮಪ್ಪ ಹೆಂಗ ಹೇಳತಿದ್ದ, ಹಂಗ ಹೇಳಬೇಕು."

"ಹಂಗ ಹೇಳ್ತೀನವಾ."

ಆಗ ಬಿಟ್ಟಳು. ಪಂಚಾಯತಿಯ ಡ್ರೈವರ್ ರಿಜ್ವಾನ ಕಸದ ಗಾಡಿಯ ಬಾಗಿಲು ತೆರೆದು ಸೀಟಿನ ಧೂಳನ್ನು ತನ್ನ ಟವೆಲಿನಿಂದ ಹೊಡೆದ. ಅಧಿಕಾರದಲ್ಲಿದ್ದಾಗ ಒಂದು ಸಲವೂ ಹತ್ತದ ಗಾಡಿಯನ್ನು ನಿವೃತ್ತ ಮುಖ್ಯಾಧಿಕಾರಿ ಹೇಮಂತರಾಯರು ಮೊಣಕಾಲು ಹಿಡಿದುಕೊಂಡು ಹತ್ತಿದರು.

ತಿಕೋಟಾಕ್ಕೂ ಬಬಲೇಶ್ವರಕ್ಕೂ ನಡುವಿನ ಈ ಊರಿನ ಹೆಸರು ಇಲ್ಲಿ ಬೇಡ. ಊರು ಬೆಳೆದು ಪಟ್ಟಣವಾಗಿದೆ ಎಂದು ಸರ್ಕಾರ ಹೇಳಿದೆ. ಊರಿಗೇ ಇನ್ನೂ ನಂಬಿಕೆ ಬಂದಿಲ್ಲ. ಪಟ್ಟಣವಾದದ್ದಕ್ಕೆ ಒಂದು ಪಂಚಾಯತಿ ಬಂತು, ಪಂಚಾಯತಿಗೆ ಗಾಡಿಗಳು ಬಂದವು, ಗಾಡಿಗಳ ತಲೆಯ ಮೇಲೆ ಧ್ವನಿವರ್ಧಕದ ಕರ್ಣಗಳು ಬಂದವು. ಗಂಟಲು ಮಾತ್ರ ಮೊದಲಿನಿಂದಲೂ ಇತ್ತು. ಅದು ಅಂಬಾದಾಸನದು. ನೀರು ಎಷ್ಟೊತ್ತಿಗೆ ಬಿಡುತ್ತಾರೆ, ಪೋಲಿಯೊ ಹನಿ ಎಲ್ಲಿ ಹಾಕುತ್ತಾರೆ, ಮನೆಪಟ್ಟಿ ಯಾವಾಗ ಕಟ್ಟಬೇಕು, ಯಾರು ತೀರಿಕೊಂಡರು, ಎಷ್ಟಕ್ಕೆ ಮಣ್ಣು, ಎಲ್ಲವನ್ನೂ ಕೂಗಿ ಹೇಳುವವನು ಅವನು. ಮನೆಪಟ್ಟಿಯನ್ನೂ ಸಾವಿನ ಧಾಟಿಯಲ್ಲೇ ಕೂಗುತ್ತಿದ್ದ. ಎರಡರಿಂದಲೂ ತಪ್ಪಿಸಿಕೊಳ್ಳುವ ಹಾದಿಯಿಲ್ಲ ಎಂಬ ತಿಳಿವಳಿಕೆ ಇರಬೇಕು.

ಈಗ ಅವನೇ ಅಂಗಳದಲ್ಲಿ ಬಿಳಿ ಬಟ್ಟೆ ಹೊದ್ದು ಮಲಗಿದ್ದ. ತಲೆಯ ಕಡೆ ಬುದ್ಧನ ಚಿತ್ರ, ಅದರ ಮುಂದೆ ಎರಡು ಮೇಣಬತ್ತಿ. ಹೆಂಡತಿ ಪರಸವ್ವ ಬಂದವರಿಗೆಲ್ಲ ಒಂದೇ ಮಾತು ಹೇಳುತ್ತಿದ್ದಳು.

"ಊರಾಗಿನ ಹೆಣಾ ಎಲ್ಲಾ ಕೂಗಿ ಕೂಗಿ ಮಣ್ಣಿಗಿ ಕಳಿಸಿದಾ. ತನ್ನದ ಕೂಗಾಕ ಒಬ್ಬರನ್ನ ಇಟ್ಟ ಹೋಗಲಿಲ್ಲ ನೋಡ್ರಿ."

"ಪಂಚಾಯತಿಯವರು ವಾಟ್ಸಾಪಿನ್ಯಾಗ ಹಾಕ್ಯಾರಲ್ಲ ಬೇ," ಎಂದ ಮಮದಾಪುರದಿಂದ ಬಂದಿದ್ದ ಅಳಿಯ.

ಹಾಕಿದ್ದರು. ಕೈಯೆತ್ತಿ ನಿಂತ ಒಬ್ಬ ದೇವರು, ಉರಿಯುವ ದೀಪ, ಕೆಳಗೆ ಅಂಬಾದಾಸನ ಫೋಟೊ. 'ಭಗವಂತನು ಮೃತರಿಗೆ ಸದ್ಗತಿಯನ್ನು ಕರುಣಿಸಲಿ.' ಬಬಲೇಶ್ವರದ ಹೈಸ್ಕೂಲಿನಲ್ಲಿ ಕಲಿಸುವ ಮಗಳು ಮಾಲಾ ಅದನ್ನು ಓದಿ ಫೋನನ್ನು ಬೋರಲು ಇಟ್ಟಿದ್ದಳು. "ಆ ದೇವರಿಗೂ ನಮ್ಮಪ್ಪಗೂ ಪರಿಚಯ ಇರಲಿಲ್ರಿ," ಅಂದಿದ್ದಳು.

ಗಾಡಿ ಇತ್ತು, ಮೈಕು ಇತ್ತು. ಗಾಡಿ ಹೊಡೆಯುವ ರಿಜ್ವಾನನಿಗೆ ಮೈಕು ಕಂಡರೆ ನಾಲಗೆ ಒಣಗುತ್ತದೆ. ಅಳಿಯ, "ನನ್ನ ಮಾತ ನನ್ನ ಎಮ್ಮೀನೂ ಕೇಳೂದಿಲ್ಲ," ಎಂದು ಜಾರಿಕೊಂಡ. ಆಗ ಮಾಲಾ, ವಿಜಯಪುರದಿಂದ ಬಂದು ಪ್ಲಾಸ್ಟಿಕ್ ಕುರ್ಚಿಯ ತುದಿಯಲ್ಲಿ ಕೂತಿದ್ದ ಹೇಮಂತರಾಯರ ಕಡೆ ನೋಡಿದಳು.

"ಊರಿಗಿ ಗೊತ್ತಿರೂ ದನಿ ಇವರದೊಂದ ಐತಿ," ಅಂದಳು. ಅದರಲ್ಲಿ ಪ್ರೀತಿಯೇನೂ ಇರಲಿಲ್ಲ.

ಹೇಮಂತರಾಯರು ಅಲ್ಲಿಗೆ ಒಂದು ಮಾತು ಹೊತ್ತುಕೊಂಡು ಬಂದಿದ್ದರು. ವರ್ಷಗಟ್ಟಲೆ ನಾಳೆ ಹೇಳಿದರಾಯಿತು ಎಂದು ಇಟ್ಟುಕೊಂಡಿದ್ದ ಮಾತು. ಕೇಳಬೇಕಾದವನ ಕಿವಿಯಲ್ಲಿ ಈಗ ಹತ್ತಿ ಇತ್ತು.

*

ಹೇಮಂತರಾಯರಿಗೆ ಹಾಡುವ ಚಟ. ಹಾಡು ಬರೆಯುವುದೂ ಅವರೇ, ರಾಗ ಹಾಕುವುದೂ ಅವರೇ. ಕೇಳುವವರು ಮಾತ್ರ ಬೇರೆಯವರು ಬೇಕಿತ್ತು. ಅವರು ಶ್ರುತಿ ಹಿಡಿದ ಕೂಡಲೇ ಹೆಂಡತಿ ರಾಧಾಬಾಯಿಗೆ ಮಿಕ್ಸರಿನ ಕೆಲಸ ನೆನಪಾಗುತ್ತಿತ್ತು. ಆ ಊರಿಗೆ ಮುಖ್ಯಾಧಿಕಾರಿಯಾಗಿ ಹೋದ ವರ್ಷವೇ ಕಸದ ಗಾಡಿಗಳಿಗೆ ಕರ್ಣ ಕಟ್ಟಿದರು. ಬೇರೆಯವರಿಗೆ ಅದು ಕಸದ ಗಾಡಿ. ಅವರಿಗೆ ಎದ್ದು ಹೋಗಲಾಗದ ಒಂದು ಊರು ಸಿಕ್ಕಿತು.

ಇನ್ನು ಮೇಲೆ ದಿನಾ ಮುಂಜಾನೆ ಗಾಡಿ ಕಸಕ್ಕೆ ಬಂದಾಗಲೂ, ಪಂಚಾಯತಿಯ ಪ್ರತಿ ಪ್ರಕಟಣೆಯ ಮುಂದೆಯೂ ದೇವರ ಪದದ ಎರಡು ನುಡಿ ಬರಬೇಕೆಂದು ಆದೇಶವಾಯಿತು. ಪದ ಅವರದೇ, ರೆಕಾರ್ಡು ಮಾಡಿಸಿದ ಧ್ವನಿಯೂ ಅವರದೇ. ಚೇಂಬರಿನಲ್ಲಿ ಅದನ್ನು ಮೊದಲು ಅಂಬಾದಾಸನಿಗೆ ಕೇಳಿಸಿದರು. ಅವನು ನಿಂತುಕೊಂಡೇ ಪೂರ್ತಿ ಕೇಳಿದ.

"ಪದ ಛಲೋ ಐತ್ರಿ, ಸಾಹೇಬ್ರ."

"ಹೌದಲ್ಲೋ?"

"ಮನ್ಯಾಗ ಹಾಡ್ರಿ, ಗುಡ್ಯಾಗ ಹಾಡ್ರಿ, ನಾನ ಬಂದ ಕುಂತ ಕೇಳತೀನಿ. ನೀರಿನ ಸುದ್ದಿ ಮುಂದ ಬ್ಯಾಡ್ರಿ."

"ಯಾಕ?"

"ನಾ ಎಲ್ಲಾ ಮಂದಿಗೆ ಅಂತ ಕೂಗಿದ್ರ ಎಲ್ಲಾರೂ ಹೊರಗ ಬರತಾರ್ರಿ. ಪದ ಬಂತಂದ್ರ, ಇದು ಯಾರ ಗಾಡಿ, ನಮ್ಮದೋ ಅವರದೋ ಅಂತ ಒಳಗ ಕುಂತನ ಲೆಕ್ಕಾ ಹಾಕತಾರ. ಬಾಗಲಾ ತೆರಿಯೂದರಾಗ ಗಾಡಿ ಮುಂದ ಹೋಗಿರತೈತಿ. ಕೈ ಮುಗಿಯೂ ಮಂದಿನೂ ಕೈ ಮುಗಕೊಂಡ ನಿಲ್ಲತಾರ, ನೀರಿನ ಮಾತ ಯಾರ ಕೇಳತಾರ?"

ಹೇಮಂತರಾಯರಿಗೆ ಅದರಲ್ಲಿ ಕೇಳಿಸಿದ್ದು ಒಂದೇ, ತಮ್ಮ ಪದ ಬೇಡವೆಂಬುದು. "ನಿಮ್ಮ ಮಂದಿಗೆ ದೇವರಂದ್ರ ಆಗಿ ಬರೂದಿಲ್ಲ, ಅದು ನನಗ ಗೊತ್ತದ," ಅಂದುಬಿಟ್ಟರು.

ಅಂಬಾದಾಸ ಮೈಕಿನ ವೈರನ್ನು ಮೊಣಕೈಗೆ ಸುತ್ತಿ ಸುತ್ತಿ, ಗಂಟಾಗದಂತೆ ಮಡಚಿ, ಮೇಜಿನ ಮೇಲಿಟ್ಟ.

"ದೇವರ ಮಾತಲ್ರಿ ಸಾಹೇಬ್ರ, ಗಾಡೀ ಮಾತು," ಅಂದ. "ಗಾಡಿ ಪಂಚಾಯತಿದು."

ಮರುದಿನದಿಂದ ಅವನಿಗೆ ಉಗ್ರಾಣದ ಕೆಲಸ. ಬ್ಲೀಚಿಂಗ್ ಪುಡಿಯ ಚೀಲ, ಮುರಿದ ಪೊರಕೆ, ತುಕ್ಕು ಹಿಡಿದ ನಲ್ಲಿ. ಇವುಗಳಿಗೆ ಕೂಗಿ ಹೇಳುವಂಥದ್ದೇನೂ ಇರಲಿಲ್ಲ. ನಿವೃತ್ತಿಯಾಗುವ ತನಕ ಅಲ್ಲೇ ಇದ್ದ.

*

ಮೊದಲ ಓಣಿಯ ತುದಿಯಲ್ಲಿ ಹೇಮಂತರಾಯರು ಗಂಟಲು ಸರಿ ಮಾಡಿಕೊಂಡರು.

"ಊರ ಎಲ್ಲಾ ಮಂದಿಗೆ ತಿಳಿಸೂದು ಏನಂದ್ರ, ಪಂಚಾಯತಿಯೊಳಗ ಕೂಗೂ ಕೆಲಸ ಮಾಡ್ತಿದ್ದ ಅಂಬಾದಾಸ ಇವತ್ತ ನಸುಕಿನ್ಯಾಗ ತೀರಿಕೊಂಡಾರ. ಸಂಜಿ ನಾಕಕ್ಕ ಮಣ್ಣು. ಎಲ್ಲಾರೂ ಬರಬೇಕು."

ಮುಗಿಯಿತು. ಆದರೆ ನಾಲಗೆಗೆ ಮುಗಿದಿರಲಿಲ್ಲ. ಇಡೀ ನೌಕರಿಯಲ್ಲಿ ಸಂತಾಪ ಸಭೆಗಳನ್ನು ನಡೆಸಿದ ನಾಲಗೆ ಅದು. ಮಂದಿ ಬರಬೇಕು ಅಂದಮೇಲೆ ಭಗವಂತನೂ ಬರಲೇಬೇಕು. ತುಟಿಯ ತನಕ ಬಂದದ್ದನ್ನು ಅವರು ನುಂಗಿದರು. ನುಂಗಿದ ಸದ್ದು ಕರ್ಣದಲ್ಲಿ ಓಣಿಯ ತುದಿಯವರೆಗೂ ಕೇಳಿಸಿತು.

ಬಾಗಿಲುಗಳು ತೆರೆದುಕೊಂಡವು. ಹೇಮಂತರಾಯರಿಗೆ ಒಂದು ಕ್ಷಣ ಹಿತವೆನಿಸಿತು. ಆಮೇಲೆ ಕಂಡದ್ದು, ಹೊರಗೆ ಬಂದ ಹೆಂಗಸರೆಲ್ಲರ ಕೈಯಲ್ಲೂ ಕಸದ ಬಕೀಟು. ಹಸಿರು ಒಂದು, ನೀಲಿ ಒಂದು.

"ಇವತ್ತ ಬಾಳ ತಡಾ ಮಾಡಿದೆಲ್ಲೋ ರಿಜ್ವಾನ," ಎಂದಳು ಮುದುಕವ್ವ. ಮೂಲೆಯ ಮನೆಯವಳು. ಒಂದು ಬಕೀಟನ್ನು ಆಗಲೇ ಎತ್ತಿ ಹಿಡಿದಿದ್ದಳು.

"ಕಸ ಅಲ್ಲ ಬೇ, ಸುದ್ದಿ. ಅಂಬಾದಾಸಣ್ಣ ಹ್ವಾದ."

"ಯಾವ ಅಂಬಾದಾಸ? ನಮ್ಮ ಕೂಗೂ ಅಂಬಾದಾಸ?" ಮುದುಕವ್ವ ಬಕೀಟನ್ನು ಕೆಳಗಿಟ್ಟಳು. "ಈಗ ಹೇಳಿದ್ದು ಅದಽ ಏನು? ನಾ ಕೇಳಲೇ ಇಲ್ಲೋ ಯಪ್ಪಾ. ಈ ದನಿ ಬಂತಂದ್ರ ನನ್ನ ಕೈ ತಾನಾಗೇ ಬಕೀಟಿಗಿ ಹೋಗತೈತಿ." ಗಾಡಿಯ ಒಳಗೆ ಬಗ್ಗಿ ನೋಡಿದಳು. "ಇವರಽ ಏನೋ, ಮುಂಜಾನಿ ಹಾಡೂವರು?"

ರಿಜ್ವಾನ ಮುಂದಿನ ರಸ್ತೆಯನ್ನು ಬಹಳ ಗಮನವಿಟ್ಟು ನೋಡಿದ. ಹೇಮಂತರಾಯರು ಕೈ ಮುಗಿದರು. ಊರಿಗೆ ದಿನಾ ಬೆಳಗ್ಗೆ ಭಕ್ತಿ ಹಂಚಿದ್ದೇನೆ ಎಂದು ಅವರು ತಿಳಿದಿದ್ದರು.

ಓಣಿಯಿಂದ ಓಣಿಗೆ ಇದೇ ಆಯಿತು. ಅವರು ಸಾವನ್ನು ಹೇಳುವರು, ಮಂದಿ ಕಸ ತರುವರು, ರಿಜ್ವಾನ ಇಳಿದು ಇನ್ನೊಮ್ಮೆ ಬಾಯಿಂದ ಹೇಳುವನು. ಆಗ ಬಕೀಟುಗಳು ಬಾಗಿಲಲ್ಲೇ ಉಳಿಯುವವು.

ನದಾಫ ಓಣಿಯಲ್ಲಿ ಹಾಗಾಗಲಿಲ್ಲ. ಅಲ್ಲಿ 'ಊರ ಎಲ್ಲಾ' ಅನ್ನುವಷ್ಟರಲ್ಲಿ ಒಂದು ಕಿಟಕಿ ಮುಚ್ಚಿತು. 'ತಿಳಿಸೂದು' ಅನ್ನುವಾಗ ಇನ್ನೊಂದು. ಅವರು ನಾಲ್ಕು ಗಂಟೆಯ ಮಾತಿಗೆ ಬರುವ ಹೊತ್ತಿಗೆ ಓಣಿಯಲ್ಲಿ ಕೋಳಿಗಳು ಮಾತ್ರ ಕೇಳುತ್ತಿದ್ದವು.

"ಇಲ್ಲೆ ಹಂಗಽ ರೀ ಸಾಬ್," ಎಂದ ರಿಜ್ವಾನ. "ಪದ ಮುಗಿಯೂತನಾ ತೆರಿಯೂದಿಲ್ಲ. ಮಕ್ಕಳು ಮಲಗಿರತಾವ, ಅದು ಇದು ಅಂತಾರ. ರೂಢಿ ಆಗೇತಿ."

*

ಆ ರೂಢಿ ಹಿಂದೊಂದು ಬೇಸಿಗೆಯಲ್ಲಿ ಓಣಿಗೆ ದುಬಾರಿಯಾಗಿತ್ತು. ನೀರಿನ ಪೈಪು ಒಡೆದು ಗಟಾರದ ನೀರು ಸೇರಿತ್ತು. ನಲ್ಲಿಯ ನೀರು ಕುಡಿಯಬೇಡಿರೆಂದು ಗಾಡಿ ಊರೆಲ್ಲ ತಿರುಗಿತು. ಮುಂದೆ ಪದದ ಎರಡು ನುಡಿ, ಹಿಂದೆ ನೀರಿನ ಮಾತು. ನದಾಫ ಓಣಿಯಲ್ಲಿ ಅವತ್ತೂ ಕಿಟಕಿ ಮುಚ್ಚಿದ್ದವು, ಗಾಡಿ ದಾಟಿ ಹೋಗಿತ್ತು. ಸಂಜೆ ಉಗ್ರಾಣದ ಬೀಗ ಹಾಕಿ ಮನೆಗೆ ಹೊರಟ ಅಂಬಾದಾಸ, ಆ ಓಣಿಯ ನಲ್ಲಿಯ ಮುಂದೆ ಕೊಡಗಳ ಸಾಲು ಕಂಡು ನಿಂತ. ಮನೆ ಮನೆಯ ಬಾಗಿಲು ಬಡಿದ. ಅಷ್ಟರಲ್ಲಿ ಮುಂಜಾನೆಯ ನೀರು ಕುಡಿದಾಗಿತ್ತು. ಓಣಿಯ ಅರ್ಧ ಮಂದಿ ವಿಜಯಪುರದ ದವಾಖಾನೆ ಸೇರಿದರು. ಮೊದಲ ಮನೆಯ ಮುನಾಫ ಎಂಬವನ ತಾಯಿ ತಿರುಗಿ ಬರಲಿಲ್ಲ.

ವಿಚಾರಣೆ ನಡೆಯಿತು. 'ಸಾರ್ವಜನಿಕರಿಗೆ ಪ್ರಕಟಣೆಯ ಮೂಲಕ ತಿಳಿಸಲಾಗಿತ್ತು' ಎಂದು ಹೇಮಂತರಾಯರು ಉತ್ತರ ಕೊಟ್ಟರು. ಅದರಲ್ಲಿ ಸುಳ್ಳು ಒಂದಕ್ಷರವೂ ಇರಲಿಲ್ಲ. ಅಂಬಾದಾಸನನ್ನೂ ಕರೆದು ಕೇಳಿದರು. "ಗಾಡಿ ಹೋಗಿತ್ರಿ," ಎಂದ. "ಸುದ್ದಿ ಹೋಗಿರಲಿಲ್ಲ." ವಿಚಾರಣೆಯವರು ಮೊದಲ ಮಾತನ್ನು ಬರೆದುಕೊಂಡರು.

ನಿವೃತ್ತರಾದ ಮೇಲೆ ಹೇಮಂತರಾಯರಿಗೆ ನಿದ್ದೆ ಕಡಿಮೆಯಾಯಿತು. ತಮ್ಮ ಕುರ್ಚಿಗೆ ಬಂದಿದ್ದ ಅನೂಪ ಎಂಬ ಹುಡುಗ ವಯಸ್ಸಿನ ಅಧಿಕಾರಿಗೆ ಫೋನು ಮಾಡಿ, ಆ ಪದ ತೆಗೆಸಿಬಿಡಪ್ಪಾ ಎಂದರು.

"ಸರ್, ನೀವು ಹಾಕಿದ್ರಿ, ಯಾಕ ಅಂತ ಯಾರೂ ಕೇಳಲಿಲ್ಲ," ಎಂದ ಅನೂಪ. "ನಾ ತೆಗದ್ರ, ದೇವರನ್ನ ಯಾಕ ತೆಗದಿ ಅಂತ ನಾಳೆ ಬಾಗಲಿಗೆ ಬರ್ತಾರ. ನೀವಽ ಒಂದು ಲಿಖಿತ ಕೊಡ್ರಿ ಸರ್, ಇವತ್ತಽ ತೆಗಸ್ತೀನಿ."

ಹೇಮಂತರಾಯರು ಬರೆಯಲು ಕೂತರು. ಅದೇ ಮಂದಿ ತಮ್ಮ ಬಾಗಿಲಿಗೂ ಬಂದು ನಿಂತದ್ದು ಅವರ ಕಣ್ಣಿಗೆ ಕಟ್ಟಿತು. ಪೆನ್ನಿನ ಮುಚ್ಚಳ ಹಾಕಿಟ್ಟರು. ಪದ ಉಳಿಯಿತು.

*

ಮುಚ್ಚಿದ ಕಿಟಕಿಗಳ ನಡುವೆ ಗಾಡಿ ಗುರುಗುಟ್ಟುತ್ತ ನಿಂತಿತ್ತು.

"ಮುಂದ ಹೊಡೀಲ್ರಿ?" ರಿಜ್ವಾನ ಕೇಳಿದ. "ಹೇಳೂದಂತೂ ಹೇಳೇವಿ."

ಹೇಮಂತರಾಯರು ಮೈಕನ್ನು ಸೀಟಿನ ಮೇಲಿಟ್ಟು ಇಳಿದರು. ಮೊದಲ ಬಾಗಿಲು ಬಡಿದರು. ತೆರೆದವನಿಗೆ ಗಡ್ಡ ಅರ್ಧ ನರೆತಿತ್ತು. ಮುಖ ನೋಡಿದ ಕೂಡಲೇ ಗುರುತು ಸಿಕ್ಕಿತು. ಮುನಾಫ.

"ಅಂಬಾದಾಸ ಹೋದನಪ್ಪಾ," ಅಂದರು. "ನಾಕಕ್ಕ ಮಣ್ಣು."

ಮುನಾಫ ಅವರನ್ನೇ ನೋಡಿದ. "ಈಗ ಗಾಡ್ಯಾಗ ಕೂಗಿದವರು ನೀವಽ ಏನ್ರಿ?"

"ಹೌದು."

"ಅದಕ್ಕ ಕೇಳಲಿಲ್ಲ," ಎಂದ. ಜಗಳದ ಧ್ವನಿ ಅಲ್ಲ, ಅದು ಬರೀ ಲೆಕ್ಕ ಹೇಳಿದಂತಿತ್ತು. ಚಪ್ಪಲಿ ಮೆಟ್ಟಿಕೊಂಡು ಅವರ ಪಕ್ಕದಿಂದ ದಾಟಿ ಓಣಿಗಿಳಿದ. "ಏ ನಾಸೀರ, ಅಂಬಾದಾಸಣ್ಣ ಹ್ವಾದನಂತ ಲೇ." ನಾಸೀರ ಮಾಳಿಗೆಯ ಮೇಲಿಂದ ಆಚೆ ಮನೆಗೆ ಹೇಳಿದ. ಕಿಟಕಿಗಳು ಒಂದೊಂದೇ ತೆರೆದುಕೊಂಡವು. ಹೇಮಂತರಾಯರು ಎರಡನೆಯ ಬಾಗಿಲಿಗೆ ಹೋಗುವ ಮೊದಲೇ ಸುದ್ದಿ ಓಣಿಯ ತುದಿ ಮುಟ್ಟಿತ್ತು. ಅವರಿಗೆ ಮಾಡಲು ಏನೂ ಉಳಿದಿರಲಿಲ್ಲ.

ಮಣ್ಣಿಗೆ ಊರೇ ಬಂದಿತ್ತು. ಬುದ್ಧನಿಗೆ ಶರಣೆನ್ನುವ ತ್ರಿಸರಣ ಹೇಳುವಾಗ, ಅದು ಬಾಯಿಗೆ ಬಾರದವರು ಕೈ ಕಟ್ಟಿಕೊಂಡು ನಿಂತರು. ಯಾರೂ ಮೈಕು ಕೇಳಲಿಲ್ಲ. ಹೇಮಂತರಾಯರು ತಮ್ಮ ಸರದಿ ಬಂದಾಗ ಹಿಡಿ ಮಣ್ಣು ಹಾಕಿದರು. ಕೈ ಕೊಡವುತ್ತ ನಿಂತಿದ್ದಾಗ ಮಾಲಾ ಹತ್ತಿರ ಬಂದಳು.

"ಛಲೋ ಹೇಳಿದ್ರಿ. ಕಡೀಕ ಏನೋ ನುಂಗಿದ್ರಿ, ಮನೀತನಾ ಕೇಳಸ್ತು."

"ರೂಢಿ ಬಿದ್ದದವಾ. ತಪ್ಪಿ ಬರ್ತಿತ್ತು."

"ಇರಲಿ ಬಿಡ್ರಿ. ನಮ್ಮಪ್ಪನೂ ಬಾಳ ನುಂಗ್ಯಾನ."

"ಮಾಲಾ, ಅವತ್ತ ಚೇಂಬರಿನ್ಯಾಗ ನಾ ನಿಮ್ಮಪ್ಪಗ..."

"ಗೊತ್ತೈತ್ರಿ," ಎಂದಳು. "ಮನ್ಯಾಗ ಹೇಳಿದ್ದ. ಒಂದಽ ಸಲ ಹೇಳಿದ್ದ." ತಾಯಿಯ ಕೈ ಹಿಡಿದುಕೊಂಡು ಹೊರಟಳು.

ಬಸ್ ಸ್ಟ್ಯಾಂಡಿನ ತನಕ ಬಿಡುತ್ತೇನೆಂದು ರಿಜ್ವಾನ ಅವರನ್ನು ಮತ್ತೆ ಗಾಡಿಗೆ ಹತ್ತಿಸಿಕೊಂಡ. ಹೊತ್ತು ಇಳಿದಿತ್ತು. ಓಣಿಗಳಲ್ಲಿ ಮಂದಿ ಇನ್ನೂ ತಿರುಗಿ ಬಂದಿರಲಿಲ್ಲ. ಬಾಗಿಲು ಬಾಗಿಲಿಗೆ ಬಕೀಟುಗಳು ನಿಂತಿದ್ದವು, ಹಸಿರು ಒಂದು, ನೀಲಿ ಒಂದು, ಅವರ ಧ್ವನಿ ಕೇಳಿ ಇಟ್ಟವು.

"ಬಂದಂಗ ಇವನ್ನೂ ಹಾಕ್ಕೊಂಡ ಹೋಗತೀನ್ರಿ," ಎಂದ ರಿಜ್ವಾನ. ಅವನ ಬೆರಳು ರೂಢಿಯಿಂದ ಪದದ ಸ್ವಿಚ್ಚಿನ ಕಡೆ ಹೋಯಿತು. ಹೇಮಂತರಾಯರು ಅದರ ಮೇಲೆ ತಮ್ಮ ಕೈ ಇಟ್ಟರು. ರಿಜ್ವಾನ ಗೇರು ಹಾಕಿದ.

ಗಾಡಿ ಸದ್ದಿಲ್ಲದೆ ಮೂಲೆಯ ಮನೆಯ ಮುಂದೆ ಬಂದು ನಿಂತಿತು. ಮುದುಕವ್ವ ಆಗಷ್ಟೇ ಮಣ್ಣಿನಿಂದ ಬಂದು ಕಾಲು ತೊಳೆದುಕೊಂಡಿದ್ದಳು. ಹಸಿ ಕಾಲಲ್ಲೇ ಬಂದು ಬಕೀಟು ಎತ್ತಿದಳು, ಸೊಂಟಕ್ಕೆ ಆನಿಸಿಕೊಂಡಳು. ರಿಜ್ವಾನ ಇಳಿದು ಕೈ ಚಾಚಿದ. ಅವಳು ಕೊಡಲಿಲ್ಲ. ಗಾಡಿಯ ತಲೆಯ ಮೇಲಿನ ಕರ್ಣವನ್ನೇ ನೋಡುತ್ತ, ಪದ ಬರಲೆಂದು ಕಾಯುತ್ತ ನಿಂತಳು.