ಸುಂಕದ ಕಟ್ಟೆಯ ಮೊಹರು

ನಾನು ಒಂದು ಕಂಚಿನ ಮೊಹರು. ದಕ್ಷಿಣ ಚೀನಾದ ಒಂದು ಬಂದರಿನಲ್ಲಿ, ಎರಕದವರ ಬೆಂಕಿಯಲ್ಲಿ ಹುಟ್ಟಿದೆ. ನನ್ನ ಮುಖದ ಮೇಲೆ ಚಕ್ರವರ್ತಿಯ ಆಣತಿಯನ್ನು ಕೆತ್ತಿ, ರೇಷ್ಮೆಯಲ್ಲಿ ಸುತ್ತಿ, ಸುಂಕದ ಅಧಿಕಾರಿ ಶೆನ್ ವೆನ್‌ಬೋ ಅವರ ಕೈಗಿತ್ತರು. ಹಡಗಿನಿಂದಿಳಿದ ಸರಕಿಗೆಲ್ಲ ನನ್ನ ಗುರುತು ಬೇಕಿತ್ತು. ನಾನು ದೊಡ್ಡವನೆಂದುಕೊಂಡೆ.

ಆದರೆ ಸುಂಕ ಎಷ್ಟೆಂದು ಹೇಳುವ ಹಕ್ಕು ಶೆನ್ ಅವರಿಗಿರಲಿಲ್ಲ. ಯುದ್ಧದಲ್ಲಿ ಸೋತ ಚಕ್ರವರ್ತಿಯಿಂದ ಪರದೇಶದವರು ಒಪ್ಪಂದ ಬರೆಸಿಕೊಂಡಿದ್ದರು. ನೂರಕ್ಕೆ ಐದು, ಅದಕ್ಕಿಂತ ಹೆಚ್ಚು ಕೇಳುವಂತಿಲ್ಲ.

ಒಂದು ದಿನ ಶೆನ್ ಅವರ ತಂಗಿ ಯುಲಾನ್ ಕಟ್ಟೆಗೆ ಬಂದಳು. ನೇಕಾರರ ಕೇರಿಯಲ್ಲಿ ಅವಳದೊಂದು ಮಗ್ಗವಿತ್ತು.

“ಅಣ್ಣ, ಹಡಗಿನ ಬಟ್ಟೆ ನಮ್ಮ ನೂಲಿಗಿಂತ ಅಗ್ಗವಾಗಿ ಸಿಗ್ತಿದೆ. ಕೇರಿಯಲ್ಲಿ ಮಗ್ಗದ ಸದ್ದೇ ಇಲ್ಲ. ನೀನು ಸುಂಕ ಏರಿಸಬಾರದಾ?”

ಶೆನ್ ಅವಳ ಮುಖ ನೋಡಲಿಲ್ಲ. “ಕೇಳಿ ನೋಡ್ತೀನಮ್ಮ,” ಅಂದರು.

ಕೇಳಿಯೂ ಕೇಳಿದರು. ಪರದೇಶದ ರಾಯಭಾರಿ ಚಹಾ ಕುಡಿಯುತ್ತ, ಸಮಾಧಾನದಿಂದಲೇ ಹೇಳಿದ: “ಅದಕ್ಕೆ ಒಪ್ಪಂದ ಮಾಡಿಕೊಂಡ ಎಲ್ಲ ದೇಶಗಳೂ ಒಪ್ಪಬೇಕು, ಶೆನ್ ಅವರೇ. ಒಪ್ಪುವುದಿಲ್ಲ.” ಕಿಟಕಿಯಾಚೆ ಅವರ ಯುದ್ಧದ ಹಡಗು ಲಂಗರು ಹಾಕಿತ್ತು. ಆಮೇಲೆ ಅವನು ಹೊಸ ಕರಾರೊಂದನ್ನು ಮುಂದಿಟ್ಟ. ಬಂದರು ದಾಟಿದ ಅವರ ಬಟ್ಟೆಗೆ ಒಳನಾಡಿನ ಯಾವ ಊರೂ ಸುಂಕ ಹಾಕಕೂಡದು.

ಶೆನ್ ನನ್ನನ್ನು ಎತ್ತಿಕೊಂಡರು. ನನ್ನನ್ನು ಶಾಯಿಗೆ ಒತ್ತದೆ ಅಂಗಿಯ ತೋಳಿನೊಳಗೆ ಸೇರಿಸಿ ಎದ್ದುನಿಂತರು.

“ಇದಕ್ಕೆ ನಾನು ಮೊಹರು ಹಾಕಲಾರೆ.”

ಯಾರೂ ತಡೆಯಲಿಲ್ಲ. ನಾನಿಲ್ಲದೆ ಕರಾರು ನಿಂತುಹೋಯಿತೆಂದು ನಾವಿಬ್ಬರೂ ನಂಬಿದೆವು.

ಆ ವಾರವೇ ಬೇರೆ ಮೊಹರು ಬಂತು, ಬೇರೆ ಅಧಿಕಾರಿಯೂ ಬಂದ. ಕೆಲಸ ಕಳೆದುಕೊಂಡ ಶೆನ್ ತಂಗಿಯ ಮನೆಗೆ ಹೋದಾಗ ಅವಳು ಮಗ್ಗ ಒಡೆದು ಒಲೆಗೆ ಹಾಕುತ್ತಿದ್ದಳು.

“ಯುಲಾನ್, ನಾನು ಒಪ್ಪಲಿಲ್ಲಮ್ಮ.”

“ಗೊತ್ತಣ್ಣ. ಕೂತ್ಕೋ, ಗಂಜಿ ಬೇಯ್ತಿದೆ.”

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಅದನ್ನೇ ಶೆನ್ ತಾಳಲಾರದೆ ಹೋದರು. ಮುಂದೆ ಯುಲಾನ್ ಗಿರಣಿಗೆ ಕೂಲಿಗೆ ಹೋಗಿ, ಹತ್ತಿಯ ಧೂಳಿಗೆ ಕೆಮ್ಮಿ ಕೆಮ್ಮಿ ಸತ್ತಳು. ಅಣ್ಣನೂ ಹೆಚ್ಚು ಕಾಲ ಉಳಿಯಲಿಲ್ಲ.

ನಾನು ಅದೇ ಕೇರಿಯ ಹಳೇ ಸಾಮಾನಿನ ಅಂಗಡಿ ಸೇರಿದೆ. ಎಷ್ಟೋ ವರ್ಷಗಳ ಮೇಲೆ ಒಂದು ಬೆಳಗ್ಗೆ ಬೀದಿಯಲ್ಲಿ ಪಟಾಕಿ ಸಿಡಿದವು. ಸುಂಕ ಗೊತ್ತುಮಾಡುವ ಹಕ್ಕು ಚೀನಾಕ್ಕೆ ಮರಳಿತ್ತು.

“ಇನ್ನು ನಮ್ಮ ನೇಕಾರರು ಬದುಕಿಕೊಳ್ತಾರೆ ಕಣೆ,” ಎಂದ ಅಂಗಡಿಯವನು.

“ಯಾವ ನೇಕಾರರು?” ಎಂದಳು ಅವನ ಹೆಂಡತಿ.

ಅಣಕಿಸಿ ಕೇಳಿದ್ದಲ್ಲ. ಆ ಕೇರಿಯಲ್ಲಿ ನೇಯುವವರನ್ನು ಅವಳು ಕಂಡೇ ಇರಲಿಲ್ಲ.