ಮೊಂತೆಸೋರ್ಬೊದ ಬೀಗದಕೈ

ಗುಡ್ಡದ ಮೇಲೆ ಕೋಟೆಯೊಳಗಿರುವ ನಮ್ಮೂರು ಮೊಂತೆಸೋರ್ಬೊದಲ್ಲಿ ಚರ್ಚಿನ ಬೀಗದಕೈಗೆ ಯಾರೂ ಕೈಯೊಡ್ಡುವುದಿಲ್ಲ. ಒಡ್ಡಿದರೆ ಮುಗಿಯಿತು, ಇನ್ನೊಬ್ಬರು ಕೈಯೊಡ್ಡುವ ತನಕ ಅದು ಅವರದ್ದೇ. ಬಂದ ಪ್ರವಾಸಿಗಳಿಗೆಲ್ಲ ಬಾಗಿಲು ತೆರೆಯಬೇಕು, ಒಂದು ರಾತ್ರಿಯೂ ಕೋಟೆಯ ಹೊರಗೆ ಮಲಗುವಂತಿಲ್ಲ. ಹಿಂದೊಬ್ಬಳು ಅದನ್ನು ಮೊಳೆಗೆ ನೇತುಹಾಕಿ ಮಗಳ ಮನೆಗೆ ಹೋದಳಂತೆ. ಅದೇ ವಾರ ಕೋಟೆಗೋಡೆ ಕುಸಿದು ಇಬ್ಬರು ಸತ್ತರಂತೆ. ಕಟ್ಟುಕತೆ ಎಂದು ನನಗೆ ಗೊತ್ತು. ಗೊತ್ತಿದ್ದೂ ಮೂವತ್ತೆರಡು ವರ್ಷದಿಂದ ಹಿಡಿದುಕೊಂಡು ಕೂತಿದ್ದೇನೆ, ನನ್ನ ಬುದ್ಧಿಗಿಷ್ಟು!

ಆಗ ನನಗೆ ಹತ್ತೊಂಬತ್ತು. ತಾಯಿ ಸತ್ತು, ಬಯಲಿನ ಊರಿಂದ ಆಗಷ್ಟೇ ಇಲ್ಲಿಗೆ ಬಂದಿದ್ದೆ. ಚೌಕದಲ್ಲಿ ಜೆಮ್ಮಾ ಅತ್ತೆ ಬೀಗದಕೈ ಚಾಚಿ, "ಒಂದ್ನಿಮಿಷ ಇದನ್ನ ಹಿಡ್ಕೊಳೇ ಒರ್ನೆಲ್ಲಾ, ಶೂ ದಾರ ಕಟ್ಕೋತೀನಿ" ಅಂದಳು. ಹಿಡಿದೆ. ಸುತ್ತ ಕೂತವರೆಲ್ಲ ನೋಡುತ್ತಿದ್ದರು, ಒಬ್ಬರೂ ತುಟಿ ಪಿಟಕ್ಕೆನ್ನಲಿಲ್ಲ. ಮರುದಿನವೇ ಅತ್ತೆ ಬಸ್ಸು ಹತ್ತಿ ಹೋದಳು.

ಈಗ ಬಸ್ಸು ಓಡಿಸುವವನು ನೆವಿಯೊ, ಹೆಂಡತಿ ತೀರಿಹೋದವನು. ಕಳೆದ ಬುಧವಾರ ನನ್ನನ್ನು ಕರೆದು ಹೇಳಿದ: "ಸೋಮವಾರದಿಂದ ನಂಗೆ ಸಮುದ್ರದ ಕಡೆ ರೂಟು. ಶನಿವಾರ ಎರಡು ಗಂಟೆ ಬಸ್ಸಿಗೆ ಬಾ, ಮದುವೆ ಆಗೋಣ. ಆರು ವರ್ಷದಿಂದ ಕೇಳ್ತಾ ಇದೀನಿ ಕಣೇ. ಇನ್ನು ಕೇಳಲ್ಲ."

ಶನಿವಾರ ಪೆಟ್ಟಿಗೆ ಹಿಡಿದು ಚೌಕಕ್ಕೆ ಬಂದೆ. ಎರ್ಸಿಲಿಯಾ ಅಜ್ಜಿ ಬಾಗಿಲಲ್ಲಿ ಮೇಜು ಹಾಕಿಕೊಂಡು ಪಾಸ್ತಾ ಲಟ್ಟಿಸುತ್ತಿದ್ದಳು. ಬೀಗದಕೈ ಚಾಚಿದೆ.

"ಅಜ್ಜಿ, ಇದನ್ನ ತಗೊಳ್ಳಿ. ನಿಮ್ಮ ದಮ್ಮಯ್ಯ."

"ಕೈಯೆಲ್ಲ ಹಿಟ್ಟು ಕಣೇ!" ಎಂದು ಮುದುಕಿ ಎರಡೂ ಕೈಗಳನ್ನು ಮೊಣಕೈ ತನಕ ಹಿಟ್ಟಿನೊಳಗೆ ಹೂತಳು. "ಐವತ್ತೊಂದಕ್ಕೆ ಮದುಮಗಳಂತೆ! ಹೋಗೇ, ಬಸ್ಸಲ್ಲಿ ಪ್ರವಾಸಿಗಳು ಬರ್ತಾರೆ, ಚರ್ಚಿನ ಬಾಗಿಲು ತೆಗಿ."

ಅಷ್ಟರಲ್ಲಿ ಮೊರೆನಾ ಬಂದಳು. ಮಿಲಾನಿನಿಂದ ಬಂದು ತಿಂಗಳಾಗಿಲ್ಲ. ಕೋಟೆ ಬಾಗಿಲ ಪಕ್ಕದ ಹಳೇ ಮನೆ ಕೊಂಡು ತಾನೇ ಬಣ್ಣ ಬಳಿಯುತ್ತಿರುವ ಹುಡುಗಿ.

"ಎಲ್ಲಿಗಕ್ಕಾ ಪೆಟ್ಟಿಗೆ ಸಮೇತ? ಬೀಗದಕೈ ತಾನೇ? ಕೊಡಿ, ನಾನು ನೋಡ್ಕೋತೀನಿ."

ಕೈಯೊಡ್ಡಿದಳು. ಅಂಗೈಯಲ್ಲಿ ಕಿಟಕಿಯ ಹಸಿರು ಬಣ್ಣ ಇನ್ನೂ ಆರಿರಲಿಲ್ಲ. ಎರ್ಸಿಲಿಯಾಳ ಲಟ್ಟಣಿಗೆ ನಿಂತಿತು. ಚೌಕದಲ್ಲಿದ್ದವರೆಲ್ಲ ನೋಡುತ್ತಿದ್ದರು. ಒಬ್ಬರೂ ಬಾಯಿ ಬಿಡಲಿಲ್ಲ.

ಕೊಟ್ಟುಬಿಡಬೇಕೆಂದು ಎಷ್ಟು ಆಸೆಯಾಯಿತು! ಆದರೆ ಆ ಮೌನಕ್ಕೆ ನನಗೆ ಮೈಯೆಲ್ಲ ಉರಿಯಿತು.

"ತಗೋಬೇಡ" ಅಂದೆ. "ತಗೊಂಡ್ರೆ ನನ್ನ ಹಾಗೆ ಇಲ್ಲೇ ಕೊಳೀತೀಯ." ಜೆಮ್ಮಾ ಅತ್ತೆಯ ಶೂ ದಾರದ ತನಕ ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದೆ.

ಮೊರೆನಾ ನಗಲು ಹೋದವಳು ಎರ್ಸಿಲಿಯಾಳ ಮುಖ ನೋಡಿದಳು. ಎರಡೂ ಕೈಗಳನ್ನು ಬೆನ್ನ ಹಿಂದೆ ಅಡಗಿಸಿಕೊಂಡಳು. "ಅಯ್ಯೋ, ಹಂಗಾದ್ರೆ ಬೇಡಕ್ಕಾ." ಒಂದೇ ಗಳಿಗೆಯಲ್ಲಿ ಹುಡುಗಿ ನಮ್ಮೂರಿನವಳಾಗಿಬಿಟ್ಟಳು.

ಬಸ್ಸಿನ ಹಾರ್ನ್ ಕೇಳಿ ಕೋಟೆ ಬಾಗಿಲಿಗೆ ಓಡಿದೆ. ನೆವಿಯೊ ನನ್ನ ಮುಖಕ್ಕಿಂತ ಮೊದಲು ಕೈ ನೋಡಿದ.

"ಎಸೆದು ಹತ್ತೇ ಮಾರಾಯ್ತಿ! ಆ ಗೋಡೆ ಬಿದ್ರೆ ಬೀಳ್ಲಿ!"

ಒಂದು ಕಾಲು ಮೆಟ್ಟಿಲ ಮೇಲಿತ್ತು. ಬೆರಳು ಬಿಡಿಸಬೇಕು, ಅಷ್ಟೇ. ಯಾರೂ ನನ್ನನ್ನು ಹಿಡಿದುಕೊಂಡಿರಲಿಲ್ಲ. ಬೆರಳು ಬಿಡಿಸಲಿಲ್ಲ. ಕಾಲನ್ನು ಕೆಳಗಿಟ್ಟೆ. ಅವನು ಕಣ್ಣು ಒರೆಸಿಕೊಂಡು ಬಾಗಿಲು ಹಾಕಿದ.

ಬಸ್ಸಿನಿಂದ ಇಳಿದಿದ್ದ ಐದಾರು ಪ್ರವಾಸಿಗಳು ಗೋಡೆಗೆ ಒರಗಿ ಕಣಿವೆಯ ಫೋಟೊ ತೆಗೆಯುತ್ತಿದ್ದರು. ತಿರುವು ತಿರುವಾಗಿ ಇಳಿಯುವ ದಾರಿಯಲ್ಲಿ ನೀಲಿ ಬಸ್ಸು. ಟೋಪಿ ಹಾಕಿದ ಹೆಂಗಸೊಬ್ಬಳು ನನ್ನ ತೋಳು ಹಿಡಿದು, "ನೋಡಿ ನೋಡಿ, ಎಷ್ಟು ಚೆನ್ನಾಗಿ ಕಾಣ್ಸುತ್ತೆ!" ಅಂದಳು.

ನೋಡಿದೆ. ಕೊನೆಯ ತಿರುವಿನ ತನಕ ನೋಡಿದೆ.