ಅಕ್ಕನ ಹೀಟರು, ತಮ್ಮನ ಗರಗಸ

ಗಾಳಿಗೆ ತಂತಿ ಹರಿದು ಕರೆಂಟು ಹೋಗಿ ಎರಡು ದಿನವಾಗಿತ್ತು. ಬಡಗಿಗೆ ಒಳಗೊಳಗೇ ಖುಷಿ. ಅವನು ಕೊಂಡ ಪುಟ್ಟ ಜನರೇಟರನ್ನು ಮನೆಯವರೆಲ್ಲ ಆಟದ ಸಾಮಾನೆಂದು ಹಂಗಿಸಿದ್ದರು. ಈಗ ಅದಕ್ಕೂ ಒಂದು ಕಾಲ ಬಂದಿತ್ತು. ಎದುರುಮನೆಯ ಪೋಸ್ಟ್‌ಮ್ಯಾನ್ ಕಾಲಿನ ಆಪರೇಷನ್ ಮುಗಿಸಿ ಮೂರು ಗಂಟೆಗೆ ಗಾಲಿಕುರ್ಚಿಯಲ್ಲಿ ಮನೆಗೆ ಬರುವವರಿದ್ದರು. ಅಷ್ಟರೊಳಗೆ ಅವರ ಮೆಟ್ಟಿಲ ಮೇಲೆ ಕೂರಿಸಲು ಮರದ ಇಳಿಜಾರೊಂದು ಸಿದ್ಧವಾಗಬೇಕಿತ್ತು.

ಚಳಿ ತಡೆಯಲಾರದೆ ಅಕ್ಕ ತನ್ನ ಹೀಟರನ್ನು ಕಂಕುಳಲ್ಲಿ ಇರುಕಿಕೊಂಡು ಬೆಳಿಗ್ಗೆಯೇ ಅವನ ಷೆಡ್ಡಿಗೆ ಬಂದಳು. ನರ್ಸಾಗಿ ನಿವೃತ್ತಳಾದವಳು. ಜನರೇಟರು ಷೆಡ್ಡಿನೊಳಗೇ ಇರುವುದನ್ನು ಕಂಡವಳೇ, ಹೊಗೆ ಕುಡಿದು ಇಬ್ಬರೂ ಆಸ್ಪತ್ರೆ ಸೇರಬೇಕೇನೋ ಎಂದು ಗದರಿ, ಅದನ್ನು ಅಂಗಳದ ಆಚೆ ತುದಿಗೆ ಹೊರಿಸಿದಳು. ಉದ್ದನೆಯ ವೈರು ಎಳೆದದ್ದಾಯಿತು.

ಹೀಟರು ಕೆಂಪಗಾಯಿತು. ಗರಗಸವೂ ಇದರಲ್ಲೇ ಓಡುತ್ತೆ ನೋಡು ಎಂದು ಬಡಗಿ ಗುಂಡಿ ಒತ್ತಿದ. ಹೊರಗೆ ಜನರೇಟರು ಒಮ್ಮೆ ಏದುಸಿರು ಬಿಟ್ಟು ತೆಪ್ಪಗಾಯಿತು. ಅವನು ಪೆಟ್ರೋಲನ್ನು ಬೈದ, ಪ್ಲಗ್ಗನ್ನು ಬೈದ, ಮಾರಿದವನನ್ನೂ ಬಿಡಲಿಲ್ಲ. ಅಕ್ಕ ಕನ್ನಡಕ ಏರಿಸಿ, ಒಂದೊಂದರ ಬೆನ್ನ ಮೇಲೂ ಬರೆದಿದ್ದ ವ್ಯಾಟುಗಳನ್ನು ಓದಿಕೊಂಡು ಬಂದಳು.

“ಹೀಟರು ಸಾವಿರದೈನೂರು, ಗರಗಸ ಸಾವಿರದಿನ್ನೂರು. ನಿನ್ನ ಜನರೇಟರು ಎರಡು ಸಾವಿರ. ಕೂಡೋ ಲೆಕ್ಕ ಮರೆತುಹೋಯ್ತೇನೋ?”

ಕೊನೆಗೆ ಒಪ್ಪಂದವಾಯಿತು: ಅವನು ಕೊಯ್ಯುವಾಗ ಅವಳು ನಡುಗುವುದು, ಅವನು ಅಳೆಯುವಾಗ ಅವಳು ಕಾಯಿಸಿಕೊಳ್ಳುವುದು. ಒಂದೊಂದು ಹಲಗೆಯನ್ನೂ ನಾಲ್ಕು ಸಲ ಅಳೆಯುವ ಆಸಾಮಿ ಅವನು. ನಿನ್ನ ಜೊತೆಗಿದ್ದರೆ ಚಳಿಗಾಲ ಸುಖವಾಗಿ ಕಳೆಯುತ್ತದೆ ಎಂದಳು ಅಕ್ಕ.

ಆದರೆ ಮಧ್ಯಾಹ್ನದ ಹೊತ್ತಿಗೆ ಕೊಯ್ಯುವುದೇ ಹೆಚ್ಚಾಯಿತು. ಅವಳು ಮಂಡಿ ಉಜ್ಜಿಕೊಳ್ಳುವುದನ್ನು ಬಡಗಿ ಓರೆಗಣ್ಣಲ್ಲಿ ನೋಡಿದ. ಹೀಟರು ಹಚ್ಚಿ, ಗೋಡೆಯಲ್ಲಿದ್ದ ಕೈಗರಗಸ ಇಳಿಸಿಕೊಂಡ.

“ಈ ಮರಕ್ಕೆ ಮೆಷಿನ್ನು ಒಗ್ಗಲ್ಲ ಅಕ್ಕ. ಸಿಬಿರು ಏಳುತ್ತೆ.”

“ಬೆಳಗಿಂದ ಒಗ್ಗಿತ್ತಲ್ಲೋ?”

ಅವನು ಗರಗಸ ಎಳೆಯತೊಡಗಿದ. ಎರಡು ಹಲಗೆ ಮುಗಿಯುವಷ್ಟರಲ್ಲಿ ಆ ಚಳಿಯಲ್ಲೂ ಬೆವೆತುಹೋದ. ಅಕ್ಕ ಎದ್ದು ಹೀಟರು ಆರಿಸಿದಳು, ಹಲಗೆಯ ಇನ್ನೊಂದು ತುದಿಯನ್ನು ಅದುಮಿ ಹಿಡಿದಳು.

“ಮೆಷಿನ್ ಹಾಕು. ಕೈಯಾಡಿಸಿದ್ರೆ ನನಗೂ ಬೆಚ್ಚಗಾಗುತ್ತೆ.”

ಮೂರಕ್ಕೆ ಐದು ನಿಮಿಷವಿರುವಾಗ ಎದುರುಮನೆಯ ಮೆಟ್ಟಿಲ ಮೇಲೆ ಇಳಿಜಾರಿನ ಕೊನೆಯ ಮೊಳೆ ಕೂತಿತು. ಪೋಸ್ಟ್‌ಮ್ಯಾನರ ಕುರ್ಚಿ ಎಲ್ಲೂ ಎಡವದೆ ಬಾಗಿಲು ದಾಟಿತು. ಇನ್ನೊಂದು ಸಲ ಇಳಿಸಿ ಹತ್ತಿಸಿ ಎಂದು ಅವರು ನಾಚಿಕೊಳ್ಳದೆ ಕೇಳಿದರು. ಮನೆಯೊಳಗೆ ಮಾತ್ರ ಕೊರೆಯುವ ಚಳಿ. ಅಕ್ಕತಮ್ಮಂದಿರು ಮುಖ ಮುಖ ನೋಡಿಕೊಂಡರು. ಜನರೇಟರನ್ನು ಆಚೀಚೆ ಹಿಡಿದು ರಸ್ತೆ ದಾಟಿಸಿ, ಮನೆಯಿಂದ ದೂರಕ್ಕಿಟ್ಟು, ವೈರು ಎಳೆದು ಒಳಗೆ ಹೀಟರು ಹಚ್ಚಿದರು. ಪೋಸ್ಟ್‌ಮ್ಯಾನ್ ಆಸ್ಪತ್ರೆಯ ಕಥೆ ಶುರು ಮಾಡಿದರು. ಅದು ಅರ್ಧಕ್ಕೆ ಬರುವಷ್ಟರಲ್ಲಿ ಬಡಗಿ ಕೂತಲ್ಲೇ ಗೊರಕೆ ಹೊಡೆಯುತ್ತಿದ್ದ.

ಅಕ್ಕ ತನ್ನ ಶಾಲು ತೆಗೆದು ಅವನ ಹೆಗಲಿಗೆ ಹೊದಿಸಿದಳು.

“ಸ್ವಲ್ಪ ಮೆಲ್ಲಗೆ ಹೇಳಿ,” ಎಂದಳು ಪೋಸ್ಟ್‌ಮ್ಯಾನರಿಗೆ. “ನಮ್ಮ ಮೇಸ್ತ್ರಿಗಳು ಮಲಗಿದ್ದಾರೆ.”